ಹುಳು ಜ್ವರಕ್ಕೆ ಕೂತ ದಿನ

೧೯೯೮ರ ಆಗಸ್ಟ್ ತಿಂಗಳ ಆ ಗುರುವಾರ ನಮ್ಮ ಮನೆಯಲ್ಲಿ ವಿಶೇಷವಾದದ್ದೇನೂ ನಡೆಯಲಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ದೆವು, ರೇಷ್ಮೆ ಹುಳುಗಳಿಗೆ ಹಾಕಿದೆವು, ಮುದ್ದೆ ಉಂಡೆವು, ಮತ್ತೆ ಸೊಪ್ಪು ಹಾಕಿದೆವು. ತಂಗಿ ಪಾಠ ಒಪ್ಪಿಸಿದಳು. ಅವ್ವ ನಮ್ಮಿಬ್ಬರನ್ನೂ ಗೇಲಿ ಮಾಡಿ ನಗಿಸಿದಳು. ಅಂಥ ಇನ್ನೊಂದು ದಿನ ನಮಗೆ ಬರಲಿಲ್ಲ.

ನಮ್ಮದು ಕೊಳ್ಳೇಗಾಲದ ಹತ್ತಿರದ ಧನಗೆರೆ. ಅಪ್ಪ ತೀರಿಕೊಂಡಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಓದು ಅಲ್ಲಿಗೇ ನಿಂತಿತು. ಅವ್ವನ ಜೊತೆ ಹುಳು ಸಾಕುವ ಕೆಲಸಕ್ಕೆ ನಿಂತೆ. ನನ್ನನ್ನು ಯಳಂದೂರಿಗೆ ಮದುವೆ ಮಾಡಿ ಕೊಟ್ಟ ಮೇಲೂ ಒಂದೊಂದು ರೇಷ್ಮೆ ಬೆಳೆಗೂ ತಿಂಗಳ ಮಟ್ಟಿಗೆ ತೌರಿಗೆ ಬಂದು ಅವ್ವನಿಗೆ ನೆರವಾಗುತ್ತಿದ್ದೆ. ತಂಗಿ ಮಂಜುಳ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು, ಓದಿನಲ್ಲಿ ಚುರುಕು. ಅವಳಿಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಹಲ್ಲಿನ ಡಾಕ್ಟರ್ ಓದಿಗೆ ಸೀಟು ಸಿಕ್ಕಿತ್ತು.

ಆದರೆ ಮೊದಲ ವರ್ಷದ ಪರೀಕ್ಷೆಯಲ್ಲಿ ಅವಳು ಅನಾಟಮಿ ಮತ್ತು ಬಯೋಕೆಮಿಸ್ಟ್ರಿ ಎರಡರಲ್ಲೂ ಫೇಲಾದಳು. ಊರಿಗೆ ಬಂದವಳು ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

"ಗೊತ್ತದ ಕಣಕ್ಕ, ಬರೆಯೋಕೂ ಬತ್ತದ. ಆದ್ರೆ ವೈವಾದಲ್ಲಿ ಸರ್ ಎದುರುಗಡೆ ಕೂತ್ಕಂಡು ಇಂಗ್ಲಿಷ್ನಲ್ಲಿ ಕೇಳ್ಬುಟ್ರೆ ಬಾಯೇ ಕಟ್ಕತದ. ಮರುಪರೀಕ್ಷೇಲೂ ಓಯ್ತು ಅಂದ್ರೆ ನಾನು ಕಾಲೇಜ್ ಬುಟ್ಬುಡ್ತೀನಿ," ಎಂದಳು.

ಅವ್ವ ಮಾರನೆಯ ದಿನ ಮಂಜುಳನನ್ನು ಹುಳುಮನೆಗೆ ಕರೆದಳು. "ಬಾಯಿ ಕಟ್ಕಂಡ್ರೆ ಬಿಚ್ಚೋಕೆ ಕಲೀಬೇಕು. ನಾನೂ ನಿನ್ನಕ್ಕನೂ ಮೇಷ್ಟ್ರು ಆಯ್ತೀವಿ. ಬಾ," ಎಂದಳು. ಅವ್ವನಿಗೆ ಓದು ಬರಹ ಗೊತ್ತಿರಲಿಲ್ಲ. ಎಲ್ಲಿ ಹೋದರೂ ಹೆಬ್ಬೆಟ್ಟು ಒತ್ತುತ್ತಿದ್ದಳು.

ಮಂಜುಳ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಬರೆದಳು. ನನಗೆ ಓದಲು ಆಗಲಿ ಎಂದು ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಳು. ಆ ನೋಟ್‌ಬುಕ್ಕನ್ನು ನಾವು ಹುಳುಮನೆಯ ಸ್ಟ್ಯಾಂಡಿಗೆ ದಾರ ಹಾಕಿ ಕಟ್ಟಿದೆವು. ನಾನು ಬಿದಿರಿನ ತಟ್ಟೆಯನ್ನು ಸ್ಟ್ಯಾಂಡಿನಿಂದ ಇಳಿಸಿ, ಒಂದು ಪ್ರಶ್ನೆ ಓದಬೇಕು. ಅವಳು ಬಾಯಿಬಿಟ್ಟು ಉತ್ತರ ಹೇಳಿದ ಮೇಲೆಯೇ ಅವ್ವ ಆ ತಟ್ಟೆಗೆ ಸೊಪ್ಪು ಹಾಕುವುದು. ಉತ್ತರ ತಡವಾದರೆ ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು.

"ಬೇಗ ಯೋಳಮ್ಮಿ, ಉಳ ಅಸ್ಕಂಡವೆ. ನಿನ್ ಬಾಯಿ ಕಟ್ಕಂಡ್ರೆ ಅವು ಯಾಕ್ ಉಪಾಸ ಇರ್ಬೇಕು?" ಎಂದು ಅವ್ವ ಗದರುತ್ತಿದ್ದಳು.

ಹುಳುಗಳ ಹಸಿವಿಗಾಗಿ ಅವಳು ಹೇಳಲೇಬೇಕಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಸೊಪ್ಪು, ನಾಲ್ಕು ಸಲ ಪಾಠ. ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳ ಮಾತು ಸಲೀಸಾಯಿತು. ನನಗೂ ಸುಮಾರು ಬಾಯಿಪಾಠವಾಯಿತು.

ಆ ಗುರುವಾರ ಮಧ್ಯಾಹ್ನ ನಾನು ನಾಲಿಗೆಯ ಸ್ನಾಯುಗಳನ್ನು ಕೇಳಿದೆ. ಮಂಜುಳ ಒಂದೇ ಉಸಿರಿಗೆ, "ಜೀನಿಯೋಗ್ಲಾಸಸ್, ಹಯೋಗ್ಲಾಸಸ್, ಸ್ಟೈಲೋಗ್ಲಾಸಸ್, ಪ್ಯಾಲಟೋಗ್ಲಾಸಸ್," ಎಂದಳು.

"ಯಾನಮ್ಮಿ ಅದು, ಬರೀ ಗ್ಲಾಸು ಗ್ಲಾಸು ಅಂತೀಯೆ? ಕಾಪಿ ಓಟ್ಲು ಮಡುಗೀಯಾ?" ಎಂದಳು ಅವ್ವ.

ಮಂಜುಳ ನಗು ತಡೆಯಲಾರದೆ ಸೊಪ್ಪಿನ ಕುಕ್ಕೆಯ ಮೇಲೆ ಕೂತುಬಿಟ್ಟಳು. ಆಮೇಲೆ ಬಯೋಕೆಮಿಸ್ಟ್ರಿ ಶುರುವಾಯಿತು. ಒಂದು ಗ್ಲೂಕೋಸ್ ಪೂರ್ತಿ ಉರಿದರೆ ಎಷ್ಟು ಎಟಿಪಿ ಎಂದು ನಾನು ಕೇಳಿದೆ. ಅವಳು ಮೂವತ್ತೆಂಟು ಎಂದಳು. ಹಾಗಂದರೆ ಏನೆಂದು ಅವ್ವ ಕೇಳಿದಾಗ, ಮೈಗೆ ಬರುವ ಶಕ್ತಿಯ ಲೆಕ್ಕ ಎಂದು ಹೇಳಿದಳು.

"ಅಂಗಾರೆ ಒಂದ್ ಮುದ್ದೆ ಇಟ್ಟುಂಡ್ರೆ ಎಷ್ಟ್ ಬತ್ತದ?"

"ರಾಗಿ ಇಟ್ಟೂ ಒಳಗೋದ್ ಮೇಲೆ ಗ್ಲೂಕೋಸೇ ಆಗೋದು ಕಣವ್ವ."

"ಮತ್ತೆ ಉಳ ಕಟ್ಟೋ ಗೂಡು?"

"ರೇಷ್ಮೆ ಪ್ರೋಟೀನು. ಗ್ಲೈಸೀನು, ಅಲನೀನು, ಸೆರೀನು ಅಂತ ಸಣ್ಣ ಸಣ್ಣವು ಸೇರ್ಕಂಡು ಎಳೆ ಆಯ್ತದ."

ಅವ್ವ ಬಗ್ಗಿ ತಟ್ಟೆಯ ಹುಳುಗಳನ್ನು ನೋಡಿದಳು. "ಇಪ್ಪತ್ತೈದ್ ವರ್ಷದಿಂದ ಉಳ ಸಾಕ್ತಾವ್ನಿ, ನಂಗೊಬ್ರೂ ಯೋಳ್ನಿಲ್ಲ ನೋಡು. ಅಂಗಾರೆ ನಾನೂ ನಿನ್ ಜೊತೆ ಪಾಸಾಗೋದೇಯ," ಎಂದಳು.

ಇನ್ನೊಂದು ವಿಷಯ ಹೇಳಬೇಕು. ಮಂಜುಳ ಹಲ್ಲುಗಳನ್ನು ಗುರುತಿಸುವುದನ್ನು ನನ್ನ ಬಾಯಿ ನೋಡಿ ಕಲಿಯುತ್ತಿದ್ದಳು. ಅವ್ವನ ಬಾಯಿ ನೋಡಬೇಕೆಂದು ಎಷ್ಟೋ ಸಲ ಕೇಳಿದ್ದಳು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಲ್ ಎಣ್ಸೋಕೆ ನಾನೇನ್ ಸಂತೇಲಿ ನಿಂತಿರೋ ಅಸುವಾ? ಓಗ್ ಅತ್ಲಾಗೆ," ಎಂದು ಓಡಿಸುತ್ತಿದ್ದಳು. ನಾವು ನಗುತ್ತಿದ್ದೆವು. ಸಾರಿಗೆ ಅವ್ವ ಖಾರವನ್ನೇ ಹಾಕುತ್ತಿಲ್ಲ ಎಂಬುದನ್ನೂ ಮುದ್ದೆಯನ್ನು ಬಲಗಡೆಗೆ ಮಾತ್ರ ಹಾಕಿಕೊಂಡು ನುಂಗುತ್ತಾಳೆ ಎಂಬುದನ್ನೂ ನಾನು ನೋಡಿದ್ದೆ. ಆದರೆ ನೋಡಿದ್ದು ತಲೆಗೆ ಹೋಗಿರಲಿಲ್ಲ.

ಗುರುವಾರ ಸಂಜೆಗೆ ಹುಳುಗಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿದವು. ಅದು ನಾಲ್ಕನೆಯ ಜ್ವರ. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದನ್ನೇ ನಾವು ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಮುಟ್ಟುವ ಹಾಗಿಲ್ಲ. ಸಾಕುವವರಿಗೂ ಅದೊಂದೇ ಬಿಡುವಿನ ದಿನ.

ಶುಕ್ರವಾರ ಬೆಳಿಗ್ಗೆ ಮಂಜುಳ ಜಗುಲಿಯಲ್ಲಿ ಕೂತಿದ್ದಳು. ನೋಟ್‌ಬುಕ್ ತೆಗೆದು ಕುತ್ತಿಗೆಯ ಭಾಗ ಕೇಳಿದೆ. ದವಡೆಯ ಕೆಳಗಿನ ಗ್ರಂಥಿಗಳ ಬಗ್ಗೆ ಅವಳು ಹೇಳಿದಳು. ಅವಕ್ಕೆ ಸಬ್‌ಮ್ಯಾಂಡಿಬ್ಯುಲಾರ್ ಲಿಂಫ್ ನೋಡ್ ಎಂದು ಹೆಸರು. ಅಲ್ಲಿ ಗಂಟು ಮೆತ್ತಗಿದ್ದು ನೋವಿದ್ದರೆ ಸಾಮಾನ್ಯವಾಗಿ ಹಲ್ಲಿನ ಕೀವು ಕಾರಣ. ಕಲ್ಲಿನ ಹಾಗೆ ಗಟ್ಟಿಯಾಗಿ, ನೋವಿಲ್ಲದೆ, ಬೆರಳಿಗೆ ಜರುಗದೆ ಇದ್ದರೆ ಬಾಯಿಯನ್ನೂ ನಾಲಿಗೆಯ ಅಂಚನ್ನೂ ಸರಿಯಾಗಿ ನೋಡಬೇಕು, ಕ್ಯಾನ್ಸರ್ ಇರಬಹುದು. ನಾನು ಉತ್ತರದ ಮೇಲೆ ಬೆರಳಿಟ್ಟು ನೋಡಿದೆ. ಒಂದು ಮಾತೂ ತಪ್ಪಿರಲಿಲ್ಲ.

ಹತ್ತು ಗಂಟೆಗೆ ಅವಳು ತೋಟಕ್ಕೆ ಹೋದಳು. ನಾನು ಹಿತ್ತಲಲ್ಲಿ ಅವ್ವನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ಹಚ್ಚಿದೆ. ನೆತ್ತಿಗೆ ತಟ್ಟಿ, ಕಿವಿಯ ಹಿಂದೆ ಸವರಿ, ಕುತ್ತಿಗೆಗೆ ಬಂದೆ. ಎಡಗಡೆಯ ದವಡೆಯ ಕೆಳಗೆ ನನ್ನ ಬೆರಳು ನಿಂತಿತು. ಅಡಿಕೆಯಷ್ಟು ದಪ್ಪದ ಗಂಟು. ಒತ್ತಿದರೂ ಅವ್ವ ಅಯ್ಯೋ ಎನ್ನಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು ಜರುಗಿಸಿ ನೋಡಿದೆ. ಜರುಗಲಿಲ್ಲ.

"ಅವ್ವ, ಬಾಯ್ ತಗಿ," ಎಂದೆ.

"ಯಾಕಮ್ಮಿ, ನೀನೂ ಡಾಕ್ಟ್ರಾದ?"

"ತಗಿ ಅಂದ್ನಲ್ಲ."

ನನ್ನ ದನಿಗೋ ಏನೋ ಅವ್ವ ಈ ಸಲ ತಮಾಷೆ ಮಾಡಲಿಲ್ಲ. ಬಾಯಿ ತೆರೆದು ನಾಲಿಗೆಯನ್ನು ಬಲಕ್ಕೆ ಹೊರಳಿಸಿದಳು. ಎಡ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಹುಣ್ಣು. ಸುತ್ತ ಬೆಳ್ಳಗೆ ದಡಿ ಕಟ್ಟಿತ್ತು.

"ಎಷ್ಟ್ ದಿನ ಆಯ್ತವ್ವ?"

"ಶಿವರಾತ್ರಿ ಆದ್ ಮೇಲೆ. ಮುರುಕ್ ಅಲ್ಲು ಚುಚ್ಚಿ ಆಗ್ಯದ ಅಷ್ಟೇಯ. ಜೇನು ಅಚ್ಚಿದ್ದೀನಿ."

ಅವ್ವನಿಗೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಇತ್ತು. ಹೊಗೆಸೊಪ್ಪಿನ ವಾಸನೆಗೆ ಹುಳು ಸಾಯುತ್ತದೆಂದು ಹುಳುಮನೆಗೆ ಬರುವಾಗ ಎಲೆಚೀಲವನ್ನು ಹೊರಗಿಟ್ಟು, ಬಾಯಿ ಮುಕ್ಕಳಿಸಿ, ಕೈ ತೊಳೆದುಕೊಂಡೇ ಬರುತ್ತಿದ್ದಳು. ಹೊರಗೆ ಬಂದ ತಕ್ಷಣ ಮತ್ತೆ ಎಡಗಡೆಯ ಕೆನ್ನೆಯಲ್ಲಿ ಅದೇ ಇರುತ್ತಿತ್ತು.

"ಈಗ್ಲೇ ಮಂಜುಳಂಗೆ ತೋರ್ಸಣ. ಅವ್ಳಿಗೆ ಗೊತ್ತಾಯ್ತದ," ಎಂದೆ.

ಅವ್ವ ನನ್ನ ಎಣ್ಣೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬ್ಯಾಡ. ಪರೀಕ್ಷೆ ಮುಗೀಲಿ. ಉಳ ಜ್ವರಕ್ ಕೂತಿರ್ವಾಗ ಯಾರಾರ ತಟ್ಟೆ ಅಲ್ಲಾಡಿಸ್ತರಾ? ಒಂದ್ಸಲ ಅಲ್ಲಾಡಿಸ್ಬುಟ್ರೆ ಅದು ಪೊರೆ ಬುಡಲ್ಲ, ಅಲ್ಲೇ ಸಾಯ್ತದ. ಓದೋ ಕೂಸೂ ಅಂಗೇಯ. ಈಗ್ ತಾನೆ ಬಾಯ್ ಬಿಚ್ಕಂಡದ. ನೀನ್ ಯೋಳ್ಬುಟ್ರೆ ಮತ್ತೆ ಕಟ್ಕತದ."

"ಅವ್ವ, ಅದು ಯಾನಂತ ನಿಂಗ್ ಗೊತ್ತಿಲ್ಲ."

"ಗೊತ್ತದ. ಬೆಳಿಗ್ಗೆ ಅವ್ಳು ಯೋಳ್ವಾಗ ನಾನೂ ಒಳಗೇ ಇದ್ನಲ್ಲ."

ಅವ್ವ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಮಾದಪ್ಪನ್ ಮೇಲೆ ಆಣೆ ಮಾಡು. ಅವ್ಳು ಪರೀಕ್ಷೆ ಮುಗ್ಸಿ ಬರೋಗಂಟ ಯೋಳಕಿಲ್ಲ ಅಂತ," ಎಂದಳು.

ನಾನು ಆಣೆ ಮಾಡಿದೆ. ದೇವರ ಹೆದರಿಕೆಗೆ ಮಾತ್ರ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅವ್ವ ಹೇಳಿದ್ದು ನನಗೆ ಸರಿ ಎನ್ನಿಸಿತು. ಹದಿನಾರನೆಯ ವಯಸ್ಸಿನಿಂದ ನಾನು ಹುಳು ಸಾಕಿದವಳು. ಜ್ವರದ ತಟ್ಟೆ ಅಲ್ಲಾಡಿಸಬಾರದು ಎಂಬುದು ನನ್ನ ಕೈಗೇ ಗೊತ್ತಿತ್ತು. ಮನುಷ್ಯರ ವಿಷಯಕ್ಕೂ ಅದನ್ನೇ ನಂಬಿದೆ.

ಆ ಮೇಲೆ ಐದು ವಾರ. ಹುಳು ಪೊರೆ ಬಿಟ್ಟು ಎದ್ದವು, ಮೈ ಹಳದಿಗೆ ತಿರುಗಿ ಹಣ್ಣಾದವು, ಗೂಡು ಕಟ್ಟಿದವು. ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿ ಬಂದೆವು. ನಾನು ಯಳಂದೂರಿಗೆ ಹೋಗದೆ ಉಳಿದೆ. ಕೇಳಿದವರಿಗೆ ತಂಗಿಯ ಪರೀಕ್ಷೆ ಎಂದೆ. ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ. ಆದರೆ ಕುತ್ತಿಗೆಯ ಆ ಒಂದು ಪುಟ ಬಂದಾಗ ಎರಡು ಹಾಳೆ ಸೇರಿಸಿ ಮಗುಚುತ್ತಿದ್ದೆ.

ಮಂಜುಳ ಕಂಡುಹಿಡಿದಳು. "ಅಕ್ಕ, ಲಿಂಫ್ ನೋಡ್ ನೀನು ಕೇಳ್ತಾನೇ ಇಲ್ವಲ್ಲ."

"ಅದು ನಿಂಗ್ ಬತ್ತದಲ್ಲ. ಬರ್ದೇ ಇರೋದ್ ಕೇಳ್ತೀನಿ," ಎಂದೆ. ಅವಳು ನಂಬಿದಳು. ಒಳಗಿನಿಂದ ಅವ್ವ, "ಅಕ್ಕ ಯೋಳ್ದಂಗ್ ಕೇಳಮ್ಮಿ," ಎಂದು ಕೂಗಿದಳು. ಆ ಹೊತ್ತಿಗೆ ಅವ್ವ ಮುದ್ದೆ ಬಿಟ್ಟು ಗಂಜಿಗೆ ಬಂದಿದ್ದಳು. ಹೊಟ್ಟೆ ಸರಿಯಿಲ್ಲ ಎಂದು ನಾವಿಬ್ಬರೂ ಸೇರಿ ಹೇಳುತ್ತಿದ್ದೆವು. ಪ್ರತಿ ದಿನ ಬೆಳಿಗ್ಗೆ ತಲೆ ಬಾಚುವ ನೆಪದಲ್ಲಿ ನಾನು ಆ ಗಂಟನ್ನು ಮುಟ್ಟಿ ನೋಡುತ್ತಿದ್ದೆ. ಚಿಕ್ಕದಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆಗಲಿಲ್ಲ. ಎರಡು ಸಲ ಮಂಜುಳನ ಪಕ್ಕದಲ್ಲಿ ಹೋಗಿ ಕೂತೆ, ಹೇಳಿಬಿಡೋಣ ಎಂದು. ಅವಳು ಕಣ್ಣು ಮುಚ್ಚಿಕೊಂಡು ಸಿಟ್ರಿಕ್ ಆಸಿಡ್ ಸೈಕಲ್ ಹೇಳಿಕೊಳ್ಳುತ್ತಿದ್ದಳು. ಎದ್ದು ಬಂದೆ.

ಅವಳು ಪರೀಕ್ಷೆ ಮುಗಿಸಿ ಊರಿಗೆ ಬಂದದ್ದು ಒಂದು ಮಧ್ಯಾಹ್ನ. ಬಸ್ಸಿಳಿದು ಓಡುತ್ತಲೇ ಬಂದಳು. ಚೀಲ ಹೊಸಿಲಲ್ಲೇ ಎಸೆದು, "ಅವ್ವ, ಬಾಯಿ ಕಟ್ಕನಿಲ್ಲ!" ಎಂದಳು. "ವೈವಾದಲ್ಲಿ ಸರ್ ಲಿಂಫ್ ನೋಡೇ ಕೇಳುದ್ರು ಕಣಕ್ಕ. ಗಟ್ಟಿ ಗಂಟು ಇದ್ರೆ ಯಾನ ಮಾಡ್ತೀಯ ಅಂತ. ಎಲ್ಲ ಯೋಳ್ದೆ. ವೆರಿ ಗುಡ್ ಅಂದ್ರು." ಅಲ್ಲೇ ನಿಂತುಕೊಂಡು ಆ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಸಲ ಹೇಳಿದಳು.

ಅವ್ವ ಕಂಬಕ್ಕೆ ಒರಗಿ ಕೂತು ಪೂರ್ತಿ ಕೇಳಿದಳು. "ಎಷ್ಟ್ ಚೆಂದ ಯೋಳ್ತೀಯ ನನ್ ಕೂಸೆ. ಬಾ ಇಲ್ಲಿ," ಎಂದಳು. ಮಂಜುಳ ಹತ್ತಿರ ಹೋಗಿ ಕೂತಳು. ಅವ್ವ ಅವಳ ಕೈ ಹಿಡಿದು ತನ್ನ ದವಡೆಯ ಕೆಳಗೆ ಇಟ್ಟುಕೊಂಡಳು. "ಈಗ ನೋಡವ್ವ," ಎಂದಳು.

ಮಂಜುಳನ ಮುಖದಲ್ಲಿ ನಗು ಇನ್ನೂ ಇತ್ತು. ಬೆರಳು ನಿಂತಿತು. ಒಮ್ಮೆ ಒತ್ತಿದಳು, ಜರುಗಿಸಿ ನೋಡಿದಳು. ಆಮೇಲೆ ಅವಳು ಅವ್ವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ನಿಂಗ್ ಗೊತ್ತಿತ್ತಾ ಅಕ್ಕ?"

ನಾನು ಹೌದೆಂದು ತಲೆಯಾಡಿಸಿದೆ.

ಮಾರನೆಯ ದಿನವೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಡಾಕ್ಟರು ನಾಲಿಗೆ ನೋಡಿದರು, ಕುತ್ತಿಗೆ ನೋಡಿದರು. "ಇಷ್ಟು ದಿನ ಏನಮ್ಮ ಮಾಡ್ತಾ ಇದ್ರಿ?" ಎಂದು ಗದರಿದರು.

"ಉಳ ಸಾಕ್ತಿದ್ದೋ ಸಾ," ಎಂದಳು ಅವ್ವ.

ಹುಣ್ಣಿನ ತುಂಡು ತೆಗೆದು ಪರೀಕ್ಷೆ ಮಾಡಿಸಿ, ಕ್ಯಾನ್ಸರೇ ಎಂದು ಹೇಳಿ, ಆಪರೇಷನ್ನಿಗೆ ದಿನ ಕೊಟ್ಟರು. ನಾಲಿಗೆಯ ಹೆಚ್ಚಿನ ಭಾಗವನ್ನೂ ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕೆಂದರು. ಆಪರೇಷನ್ನಿನ ಹಿಂದಿನ ದಿನ ಮಂಜುಳನ ಫಲಿತಾಂಶ ಬಂತು. ಎರಡರಲ್ಲೂ ಪಾಸು. ಅವ್ವ ವಾರ್ಡಿನಲ್ಲಿದ್ದ ಪ್ರತಿಯೊಬ್ಬರಿಗೂ, "ನನ್ ಮಗ್ಳು ಪಾಸಾದ್ಲು ಕಣ್ರವ್ವ, ಅಲ್ಲು ನೋಡೋ ಡಾಕ್ಟ್ರು," ಎಂದು ಹೇಳಿದಳು. ಮಾತಾಡಬೇಡ, ಸುಸ್ತಾಗುತ್ತದೆ ಎಂದು ನಾನೇ ತಡೆದೆ. ಈಗ ಅನ್ನಿಸುತ್ತದೆ, ಇಡೀ ದಿನ ಮಾತಾಡಲು ಬಿಡಬೇಕಿತ್ತು.

ಆಪರೇಷನ್ ಆದ ಮೇಲೆ ಅವ್ವನ ಬಾಯಿಂದ ದನಿ ಬರುತ್ತಿತ್ತು, ಮಾತು ಆಗುತ್ತಿರಲಿಲ್ಲ. ಕೆಲವು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಊರಿಗೆ ಕರೆತಂದೆವು. ಮಂಜುಳ ವಾರಕ್ಕೊಮ್ಮೆ ಬಂದು ಗಾಯ ನೋಡಿ ಹೋಗುತ್ತಿದ್ದಳು. ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಅವ್ವ ನೀರು, ಗಂಜಿ, ಹಾಸಿಗೆ, ಎಲ್ಲವನ್ನೂ ಕೈಸನ್ನೆಯಲ್ಲೇ ಕೇಳುತ್ತಿದ್ದಳು. ನನಗೆ ಅದು ಬೇಗ ಅಭ್ಯಾಸವಾಯಿತು.

ಸಂಕ್ರಾಂತಿ ಕಳೆದು ಕೆಲವು ದಿನ ಆಗಿತ್ತು. ಕುತ್ತಿಗೆಯಲ್ಲಿ ಮತ್ತೆ ಗಂಟು ಎದ್ದಿತ್ತು. ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ. ಮಧ್ಯಾಹ್ನದ ಬಿಸಿಲಿಗೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆ, ಸೊಪ್ಪು ಸೋಸುತ್ತಿದ್ದೆ. ಅವ್ವ ನನ್ನ ಮಣಿಕಟ್ಟು ಹಿಡಿದು ಎಳೆದಳು. ನನ್ನ ಮುಖವನ್ನೇ ನೋಡುತ್ತಾ ಏನೋ ಹೇಳಿದಳು. ನಾಲ್ಕೈದು ಪದಗಳಷ್ಟು ಉದ್ದದ ಮಾತು. ನನಗೆ ತಿಳಿಯಲಿಲ್ಲ.

"ನೀರಾ ಅವ್ವ?" ಇಲ್ಲ ಎಂದು ತಲೆಯಾಡಿಸಿದಳು. "ನೋವಾ? ಮಂಜುಳನ್ ಕರ್ಸ್ಲಾ?" ಅದೂ ಅಲ್ಲ. ಮತ್ತೆ ಹೇಳಿದಳು, ಈ ಸಲ ನಿಧಾನವಾಗಿ. ಅದೇ ಏರು, ಅದೇ ಇಳಿವು. ನಾನು ಕಿವಿಯನ್ನು ಅವಳ ಬಾಯಿಗೆ ತಂದೆ. ತೋಟದ ವಿಷಯವೇ? ಮಾದಪ್ಪನ ಬೆಟ್ಟದ ಹರಕೆಯೇ? ಹನೂರಿನ ಚಿಕ್ಕವ್ವನಿಗೆ ಏನಾದರೂ ಹೇಳಬೇಕೇ? ನಾನು ಕೇಳಿದ್ದಕ್ಕೆಲ್ಲ ಅಲ್ಲ ಎಂದಳು. "ನಾನ್ ಆಣೆ ಮಾಡಿದ್ದಾ ಅವ್ವ?" ಎಂದು ಕೊನೆಗೆ ಕೇಳಿದೆ. ಅವ್ವ ಆಗ ತಲೆಯನ್ನು ಅಡ್ಡಕ್ಕೂ ಆಡಿಸಲಿಲ್ಲ, ಹೌದೆಂದೂ ಆಡಿಸಲಿಲ್ಲ. ಮೂರನೆಯ ಸಲ ಅದೇ ಮಾತನ್ನು ಹೇಳಿದಳು. ನಾನು ಅಳಲು ಶುರುಮಾಡಿದ್ದು ನೋಡಿ, ಹೋಗಲಿ ಬಿಡು ಎನ್ನುವ ಹಾಗೆ ಕೈ ಆಡಿಸಿದಳು. ನನ್ನ ಕಣ್ಣನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಫೆಬ್ರವರಿಯಲ್ಲಿ ತೀರಿಕೊಂಡಳು.

ಮಂಜುಳ ಈಗ ಕೊಳ್ಳೇಗಾಲದಲ್ಲಿ ಹಲ್ಲಿನ ಡಾಕ್ಟರು. ಹಲ್ಲುನೋವೆಂದು ಬಂದವರಿಗೂ ಮೊದಲು ಕುತ್ತಿಗೆ ಮುಟ್ಟಿ, ನಾಲಿಗೆ ಹೊರಳಿಸಿ ನೋಡುತ್ತಾಳೆ. ಹೊಗೆಸೊಪ್ಪು ಹಾಕುವ ಹೆಂಗಸರನ್ನು ಚೆನ್ನಾಗಿ ಬೈಯುತ್ತಾಳಂತೆ. ಅವಳು ಕೊನೆಯ ವರ್ಷದಲ್ಲಿದ್ದಾಗ ಒಂದು ದಿನ ತಾನಾಗಿಯೇ, "ಐದು ವಾರಕ್ಕೆ ಏನೂ ವ್ಯತ್ಯಾಸ ಆಯ್ತಿರ್ನಿಲ್ಲ ಅಕ್ಕ. ಶಿವರಾತ್ರಿಯಿಂದ್ಲೇ ಇತ್ತಲ್ಲ," ಎಂದಳು. ಹೇಳುವಾಗ ಕೈಯಲ್ಲಿದ್ದ ಲೋಟವನ್ನು ನೋಡುತ್ತಿದ್ದಳು. ನಾನು ಆಯಿತು ಎಂದೆ. ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದ್ದೋ ಎಂದು ಕೇಳುವ ಧೈರ್ಯ ಆಗಲಿಲ್ಲ.

ಆ ಮಧ್ಯಾಹ್ನ ಅವ್ವ ಆಡಿದ ಮಾತಿನ ಏರಿಳಿತ ನನಗೆ ಈಗಲೂ ನೆನಪಿದೆ. ಒಬ್ಬಳೇ ಇದ್ದಾಗ ಬಾಯಿ ಮುಚ್ಚಿಕೊಂಡು ಅದನ್ನು ಗುನುಗಿ ನೋಡುತ್ತೇನೆ. ನನಗೆ ಗೊತ್ತಿರುವ ಮಾತುಗಳನ್ನೆಲ್ಲ ಅದಕ್ಕೆ ಹೊಂದಿಸಿ ನೋಡಿದ್ದೇನೆ. ಬೈದಿದ್ದರೂ ಸರಿ, ಅದು ನನಗೆ ಬೇಕು. ಅವ್ವ ನನಗೆ ಮೂರು ಸಲ ಹೇಳಿದ್ದು ಏನೆಂದು ನನಗೆ ಗೊತ್ತಿಲ್ಲ.